ಹೆಸರಿಗೆ ಬಿಟ್ಟ ಜಾಗ

ಕಥೋಲಿಕ ಚರ್ಚಿನಲ್ಲಿ ಗುರುದೀಕ್ಷೆಯಾಗಿ ಹತ್ತೊಂಬತ್ತು ವರ್ಷ. ಎಷ್ಟು ಸಾವಿನ ಪೂಜೆ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ. ಅವ್ವನದನ್ನೂ ಹಾಗೇ ಮಾಡಿ ಮುಗಿಸುತ್ತೇನೆ ಅಂತಲೇ ಅಂದುಕೊಂಡಿದ್ದೆ.

ಅಣ್ಣ ಫೋನ್ ಮಾಡಿದಾಗ ರಾತ್ರಿ ಹನ್ನೊಂದೂವರೆ. "ಅವ್ವ ಉಸುರು ಎಳೀತಾ ಅವ್ಳೆ, ಬಿರ್ನೆ ಬಾ." ಕಾಯಿಲೆ ಬಿದ್ದವರಿಗೆ ಪ್ರಾರ್ಥಿಸಿ ಹಚ್ಚುವ ಅಭ್ಯಂಗದ ಎಣ್ಣೆಯ ಪುಟ್ಟ ಡಬ್ಬಿ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಕನಕಪುರ ದಾಟಿ ಊರು ಸೇರುವಾಗ ಎರಡು ಗಂಟೆ. ಅಷ್ಟರಲ್ಲಿ ಅವಳ ದವಡೆಗೆ ಬಟ್ಟೆ ಕಟ್ಟಿ ಆಗಿತ್ತು. ಹೆಂಗಸರು ಜಪಸರ ಹಿಡಿದು 'ನಮೋ ಮರಿಯಾ' ಹೇಳುತ್ತಿದ್ದರು.

ಅಭ್ಯಂಗ ಬದುಕಿರುವವರ ಸಂಸ್ಕಾರ. ಪ್ರಾಣ ಹೋಗಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಕೊಡಬಹುದು, ಹೋಗಿರುವುದು ಖಾತ್ರಿಯಾದರೆ ಇಲ್ಲ. ಈ ಮಾತನ್ನು ಆಸ್ಪತ್ರೆ ಬಾಗಿಲಲ್ಲಿ ಎಷ್ಟೋ ಮಕ್ಕಳಿಗೆ ಹೇಳಿ, ಪ್ರಾರ್ಥನೆಯನ್ನಷ್ಟೇ ಮಾಡಿ ಬಂದಿದ್ದೇನೆ. ಸರಿಯಾಗಿ ತಿಳಿಸಿ ಹೇಳಿದೆ ಎಂಬ ಸಮಾಧಾನವೂ ಇರುತ್ತಿತ್ತು. ಅವ್ವನ ಹಣೆ ಮುಟ್ಟಿದೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆದರೂ ಜೇಬಿನೊಳಗೆ ಹೆಬ್ಬೆರಳು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಲೇ ಇತ್ತು. ಊರಿನ ಗುರುಗಳು ಸಂಜೆಯೇ ಬಂದು ಅಭ್ಯಂಗ ಕೊಟ್ಟು ಹೋಗಿದ್ದರೆಂದು ಆಮೇಲೆ ಅತ್ತಿಗೆ ಹೇಳಿದರು. ಅದು ತಿಳಿಯುವವರೆಗಿನ ಆ ಹತ್ತು ನಿಮಿಷ ಇನ್ನೂ ನನ್ನೊಳಗಿದೆ. ಈಗ ಆ ನಿಯಮವನ್ನು ಯಾರಿಗೂ ನಿಂತುಕೊಂಡು ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಹೇಳುತ್ತೇನೆ.

ಪೂಜೆ ನಾನೇ ಮಾಡುತ್ತೇನೆ, ನಡುವಿನ ಉಪದೇಶ, ಅಂದರೆ ಪ್ರಬೋಧನೆ, ಮಾತ್ರ ನನ್ನಿಂದಾಗದು ಅಂತ, ಗುರುಗಳಾಗಲು ಜೊತೆಗೆ ಓದಿದ್ದ ಗುರುಮಠದ ಸಹಪಾಠಿಗೆ ಒಪ್ಪಿಸಿದೆ. ಸಾವಿನ ಪೂಜೆಯಲ್ಲಿ ಚಿಕ್ಕದೊಂದು ಪ್ರಬೋಧನೆ ಇರಬೇಕು, ಸತ್ತವರ ಗುಣಗಾನ ಕೂಡದು ಎಂಬುದು ಪೂಜಾವಿಧಿಯಲ್ಲೇ ಇದೆ. ನಾನು ನಿಂತಿದ್ದರೆ ಅವಳ ಉಪ್ಪುಸಾರು, ಮುದ್ದೆ, ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ನನ್ನ ಫೀಸು ಹೊಂದಿಸಿದ್ದು, ಬರೀ ಗುಣಗಾನವೇ ಆಗುತ್ತಿತ್ತು. ಅವನು ಸತ್ತ ಗೆಳೆಯ ಲಾಸರನಿಗಾಗಿ ಯೇಸುಸ್ವಾಮಿ ಅತ್ತಿದ್ದನ್ನು ಐದು ನಿಮಿಷ ಮಾತಾಡಿ ಕೂತ. ಇದೊಂದನ್ನು ಬೇರೆ ಗುರುಗಳಿಗೂ ಹೇಳುತ್ತೇನೆ: ನಿಮ್ಮ ಮನೆಯ ಸಾವಿನಲ್ಲಿ ಮೈಕ್ ಬೇರೆಯವರಿಗೆ ಕೊಡಿ.

ಕ್ರೈಸ್ತರಾಗುವಾಗ ಪಡೆಯುವ ದೀಕ್ಷಾಸ್ನಾನದ ನೆನಪಿಗೆ ಪೆಟ್ಟಿಗೆಯ ಮೇಲೆ ತೀರ್ಥ ಚಿಮುಕಿಸುವುದು, ಧೂಪ ಹಾಕುವುದು, ಇವೆಲ್ಲ ಕೈಗೆ ಅಭ್ಯಾಸವಾಗಿರುವ ಕೆಲಸ, ನಡೆದುಹೋದವು. ನಾನು ಸಿಕ್ಕಿಬಿದ್ದದ್ದು ಬೇರೆ ಕಡೆ. ರೊಟ್ಟಿ, ದ್ರಾಕ್ಷಾರಸ ಎತ್ತಿ ತೋರಿಸಿದ ಮೇಲೆ ಮೃತರನ್ನು ನೆನೆಯುವ ಸಾಲು ಬರುತ್ತದೆ. ಪೂಜಾಪುಸ್ತಕದಲ್ಲಿ ಅಲ್ಲಿ ಹೆಸರಿಗೆ ಜಾಗ ಬಿಟ್ಟಿರುತ್ತಾರೆ, ಗುರು ತಾನೇ ತುಂಬಿ ಓದಬೇಕು. ತಪ್ಪು ಹೇಳಿದರೆ ಮನೆಯವರು ನೊಂದುಕೊಳ್ಳುತ್ತಾರೆ ಅಂತ ನಾನು ಯಾವಾಗಲೂ ಚೀಟಿ ಇಟ್ಟುಕೊಳ್ಳುವವನು. ಅವತ್ತು ಇಟ್ಟುಕೊಂಡಿರಲಿಲ್ಲ. ಅವ್ವನ ಹೆಸರಿಗೆ ಚೀಟಿ ಯಾಕೆ?

ಆ ಜಾಗಕ್ಕೆ ಬಂದಾಗ ಗೊತ್ತಾಯಿತು, ನಲವತ್ತೊಂಬತ್ತು ವರ್ಷದಲ್ಲಿ ಆ ಹೆಸರನ್ನು ನಾನು ಹೀಗೆ ಬಾಯಿಬಿಟ್ಟು ಗಟ್ಟಿಯಾಗಿ ಹೇಳಿಯೇ ಇಲ್ಲ. ಶಾಲೆಯ ಅರ್ಜಿ, ರೇಷನ್ ಕಾರ್ಡು, ಗುರುಮಠದ ಫಾರಂ, ಎಲ್ಲದರಲ್ಲೂ ಬರೆದಿದ್ದೇನೆ. ಹೆತ್ತವಳನ್ನು ಹೆಸರು ಹಿಡಿದು ಕರೆಯುವುದುಂಟೇ? ನಾನು ಸುಮ್ಮನೆ ನಿಂತದ್ದು ನೋಡಿ ಚರ್ಚಿನ ಕೆಲಸಕ್ಕೆ ನೆರವಾಗುವ ಉಪದೇಶಿ ಪುಟ ತಪ್ಪಿದೆಯೆಂದುಕೊಂಡು ಓಡಿಬಂದು ಹಾಳೆ ಮಗುಚಿದರು. ನಾನು ವಾಪಸ್ ಮಗುಚಿ, ಹೇಳಿದೆ. ಹಿಂದಿನ ಸಾಲಿನವರಿಗೆ ಕೇಳಿಸಿರಲಾರದು. ಇಲ್ಲೂ ಬರೆಯುವುದಿಲ್ಲ.

387ರಲ್ಲಿ ಇಟಲಿಯ ಓಸ್ತಿಯಾದಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಸಂತ ಅಗಸ್ಟೀನರು ಮಣ್ಣಾಗುವವರೆಗೂ ಕಣ್ಣೀರು ತಡೆದರಂತೆ. ಸ್ನಾನ ಮಾಡಿದರೆ ದುಃಖ ಇಳಿಯುತ್ತದೆ ಅಂತ ಯಾರೋ ಹೇಳಿದ್ದು ನೆನಪಾಗಿ ಅದನ್ನೂ ಮಾಡಿ ನೋಡಿದರಂತೆ, ಇಳಿಯಲಿಲ್ಲವಂತೆ. ಗುರುಮಠದಲ್ಲಿ ಇದನ್ನು ಓದಿ ನಕ್ಕಿದ್ದೆವು. ನಮ್ಮೂರಲ್ಲಂತೂ ಮಣ್ಣು ಮಾಡಿ ಬಂದವರು ಮೀಯಲೇಬೇಕು. ನಾನು ಹಂಡೆ ನೀರು ಪೂರ್ತಿ ಖಾಲಿ ಮಾಡಿದೆ. ಅಳು ಬಂದದ್ದು ಒಂಬತ್ತನೇ ದಿನ, ಪೆಟ್ರೋಲ್ ಬಂಕಿನಲ್ಲಿ, ಯಾಕೆಂದು ತಿಳಿಯದೆ.

ಮೂವತ್ತು ದಿನ ಬಿಡದೆ ಸತ್ತ ಒಬ್ಬರಿಗಾಗಿಯೇ ಪೂಜೆ ಅರ್ಪಿಸುವುದನ್ನು ಗ್ರೆಗೋರಿಯನ್ ಪೂಜೆ ಅನ್ನುತ್ತೇವೆ. ಪೋಪ್ ಮಹಾ ಗ್ರೆಗೋರಿಯವರು ಸತ್ತ ಸನ್ಯಾಸಿಯೊಬ್ಬನಿಗೆ ಹೀಗೆ ಮಾಡಿಸಿದ್ದರಿಂದ ಬಂದ ಹೆಸರು. ಒಬ್ಬನೇ ಗುರು ಮಾಡಬೇಕೆಂದಿಲ್ಲ, ದಿನ ಮಾತ್ರ ತಪ್ಪಬಾರದು. ಭಾನುವಾರದ ಒಂದು ಪೂಜೆ ಧರ್ಮಕೇಂದ್ರದ, ಅಂದರೆ ನನ್ನ ಚರ್ಚಿಗೆ ಸೇರಿದ, ಜನರಿಗೇ ಮೀಸಲು, ಹಾಗಾಗಿ ಅವ್ವನದು ಎರಡನೆಯದಕ್ಕೆ. ಬೇರೆಯವರು ಮೊದಲೇ ಬರೆಸಿದ್ದ ನಾಲ್ಕು ದಿನಗಳನ್ನು ಸಹಪಾಠಿ ವಹಿಸಿಕೊಂಡ. ದಿನಕ್ಕೊಮ್ಮೆ ಆ ಜಾಗ, ಆ ಹೆಸರು. ಎರಡನೇ ವಾರದ ಹೊತ್ತಿಗೆ ಗಂಟಲು ಒಗ್ಗಿಕೊಂಡಿತು. ಒಗ್ಗಿಕೊಂಡಿತಲ್ಲಾ ಅಂತ ಬೇಜಾರೂ ಆಯಿತು.

ಮೂವತ್ತನೇ ದಿನ ಅಣ್ಣ ನನ್ನ ಧರ್ಮಕೇಂದ್ರಕ್ಕೇ ಬಂದ. ಆಫೀಸಿನಲ್ಲಿ ಪೂಜೆ ಬರೆಸುವ ಚೀಟಿ ತಾನೇ ತುಂಬಿ ಇನ್ನೂರು ರೂಪಾಯಿ ಮುಂದಿಟ್ಟ.

"ನಿನ್ನ ಹತ್ರ ದುಡ್ಡು ಈಸ್ಕೊಳ್ಳೋದಾ ಅಣ್ಣ?"

"ಅವ್ವನ ಪೂಜೆನ ಬಿಟ್ಟಿ ಮಾಡ್ಸಾದಾ? ರಸೀದಿ ಕೊಡಿ ಸ್ವಾಮಿ." ಫೋನಿನಲ್ಲಿ 'ಬಾ' ಅಂದವನಿಗೆ ಮೇಜಿನ ಮುಂದೆ ನಾನು ಸ್ವಾಮಿ.

ಚೀಟಿ ನೋಡಿದೆ. 'ಮೃತರ ಹೆಸರು' ಎಂದಿದ್ದ ಕಡೆ 'ಅವ್ವ' ಅಂತ ಬರೆದಿದ್ದ. ತಿದ್ದಲಿಲ್ಲ. ರಸೀದಿಯಲ್ಲೂ ಅದನ್ನೇ ಬರೆದು ಹರಿದು ಕೊಟ್ಟೆ.