ಓದಿನ ಸಾಲ, ಬ್ಯಾಂಕಿನ ಬಡ್ಡಿ, ದೊಡ್ಡಮ್ಮನ ಮೂರು ಪವನ್

ಇಂಜಿನಿಯರಿಂಗ್ ಓದಲು ನಾನು ತೆಗೆದ ಸಾಲ 4 ಲಕ್ಷ ರೂಪಾಯಿ. 2014ರಿಂದ ವರ್ಷಕ್ಕೆ ಒಂದು ಲಕ್ಷದಂತೆ ಬ್ಯಾಂಕಿನಿಂದ ನೇರವಾಗಿ ಕಾಲೇಜಿಗೆ ಹೋಯಿತು. ಆಗ 4 ಲಕ್ಷದವರೆಗೆ ಅಡಮಾನ ಬೇಕಿರಲಿಲ್ಲ, ಹೊರಗಿನವರ ಜಾಮೀನೂ ಬೇಕಿರಲಿಲ್ಲ, ಅಪ್ಪನೋ ಅಮ್ಮನೋ ಜೊತೆಗೆ ಸಹಿ ಹಾಕಿದರೆ ಸಾಕಿತ್ತು. ನಮ್ಮಂಥ ಮನೆಗಳಲ್ಲಿ ಇದೇ ಮೊತ್ತ ಮತ್ತೆ ಮತ್ತೆ ಕೇಳಿಬರುವುದು ಅದಕ್ಕೇ. ಬಡ್ಡಿ ಶೇ 10.5. ಕೋರ್ಸ್ ಮುಗಿದು ಒಂದು ವರ್ಷ ಆಗುವವರೆಗೆ ಕಂತು ಕಟ್ಟಬೇಕಾಗಿರಲಿಲ್ಲ.

ಬಂಟ್ವಾಳ ತಾಲೂಕಿನ ಬ್ಯಾರಿ (ಕರಾವಳಿಯ ಮುಸ್ಲಿಂ) ಮನೆ ನಮ್ಮದು. ಬಡ್ಡಿ ಹರಾಂ (ಧರ್ಮದಲ್ಲಿ ನಿಷಿದ್ಧ) ಅನ್ನುವುದನ್ನು ಮದ್ರಸಾದಲ್ಲಿ ಚಿಕ್ಕಂದಿನಲ್ಲೇ ಕಲಿತಿದ್ದೆ. ಆದರೂ ಸಾಲ ತೆಗೆದೆವು. ತೆಗೆಯಬಹುದಿತ್ತಾ, ಇಲ್ವಾ ಅನ್ನುವ ವಾದ ಇಲ್ಲಿ ಬೇಡ. ಬೇರೆ ದಾರಿಯೇ ಇಲ್ಲದಾಗ ಓದಿಗಾಗಿ ಸಡಿಲಿಸುವ ವಿದ್ವಾಂಸರಿದ್ದಾರೆ, ಸುತಾರಾಂ ಒಪ್ಪದವರೂ ಇದ್ದಾರೆ. ಈಗಾಗಲೇ ಸಾಲ ತಲೆಮೇಲೆ ಕೂತಿದೆ, ಇನ್ನು ಏನು ಮಾಡೋದು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿದ ಮೇಲೆ ಮೊದಲು ಹೋಗಿದ್ದು ಬ್ಯಾಂಕಿಗಲ್ಲ, ಧರ್ಮ ಕಲಿಸುವ ನಮ್ಮ ಉಸ್ತಾದರ ಹತ್ತಿರ. ಜೊತೆಯಲ್ಲಿ ಬಾಪ (ಅಪ್ಪ) ಇದ್ದರು. ನನ್ನ ತಲೆಯಲ್ಲಿ ಒಂದು ಪ್ರಶ್ನೆ ಇತ್ತು. ಕುರ್‌ಆನಿನ ಅಲ್‌ಬಕರ ಅಧ್ಯಾಯದ 279ನೇ ಆಯತ್‌ನಲ್ಲಿ (ವಚನದಲ್ಲಿ) ಸಾಲ ಕೊಟ್ಟವರಿಗೆ ಅವರ ಅಸಲು ಮಾತ್ರ ಸೇರಬೇಕು ಅಂತಿದೆಯಲ್ಲ, ಹಾಗಾದರೆ ಅಸಲು ಕಟ್ಟಿ ಬಡ್ಡಿ ಬಿಟ್ಟುಬಿಟ್ಟರೆ ಆಗಲ್ವಾ? ಊರಿನ ಹುಡುಗರಲ್ಲಿ ಕೆಲವರು ಹೀಗೇ ಹೇಳಿಕೊಂಡು ಬ್ಯಾಂಕಿನ ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರು. ಉಸ್ತಾದರು ಬಾಪನ ಕಡೆ ಕೈ ತೋರಿಸಿದರು. "ನೀನು ಬಿಟ್ಟರೆ ಬ್ಯಾಂಕಿನವರು ಇವರ ಹತ್ತಿರ ಬರುತ್ತಾರೆ. ಸಹಿ ಹಾಕಿದ್ದೀ, ಕಟ್ಟಲೇಬೇಕು. ತೌಬಾ ಮಾಡು, ದೇವರಲ್ಲಿ ಕ್ಷಮೆ ಕೇಳು, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹೊರಗೆ ಬಾ. ಇನ್ನೊಂದು ಬಡ್ಡಿ ಸಾಲ ತೆಗೆದು ಇದನ್ನು ತೀರಿಸಬೇಡ." ಸಾಲ ತೀರುವವರೆಗೆ ಮೂಮಿನನ (ವಿಶ್ವಾಸಿಯ) ಆತ್ಮ ಅದಕ್ಕೆ ತೂಗಿಕೊಂಡಿರುತ್ತದೆ ಎನ್ನುವ ಹದೀಸನ್ನೂ (ಪ್ರವಾದಿಯವರ ಮಾತನ್ನೂ) ನೆನಪಿಸಿದರು. ತಪ್ಪಿಸಿಕೊಳ್ಳುವ ಯೋಚನೆ ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ಲೆಕ್ಕಕ್ಕೆ ಕೂತೆ. ಓದುವ ಕಾಲದಲ್ಲಿ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ನಾಲ್ಕು ವರ್ಷದ್ದು, ಎರಡನೆಯದಕ್ಕೆ ಮೂರು, ಹೀಗೆ ಎಲ್ಲ ಸೇರಿ 2018ರ ಜೂನ್ ಹೊತ್ತಿಗೆ 1,05,000 ರೂಪಾಯಿ ಬೆಳೆದಿತ್ತು. 'ಇನ್ನೂ ಒಂದು ವರ್ಷ ಟೈಮ್ ಇದೆ' ಅಂತ ಸುಮ್ನೆ ಕೂತರೆ ಮತ್ತೆ 42,000. ಆಮೇಲೆ ಅಷ್ಟೂ ಬಡ್ಡಿ ಅಸಲಿಗೆ ಸೇರಿ 5,47,000 ಆಗಿ, ಅದರ ಮೇಲೆ ಬಡ್ಡಿ ಶುರು. ಹತ್ತು ವರ್ಷಕ್ಕೆ ಹಾಕಿದರೆ ತಿಂಗಳ ಕಂತು ಸುಮಾರು 7,400. ಮೊದಲ ಕಂತಿನಲ್ಲಿ 4,800ರಷ್ಟು ಬರೀ ಬಡ್ಡಿಗೇ. ಕೊನೆಗೆ ಕಟ್ಟುವುದು 8 ಲಕ್ಷದ 86 ಸಾವಿರದ ಹತ್ತಿರ. ಈ ಒಂದು ವರ್ಷದ ವಿನಾಯಿತಿ ಕಂತಿಗೆ ಮಾತ್ರ, ಬಡ್ಡಿಗಲ್ಲ. ಬಡ್ಡಿಯಿಂದ ದೂರ ಇರಬೇಕು ಅನ್ನುವವರು ಮೊದಲು ಬಿಡಬೇಕಾದ್ದು ಇದನ್ನೇ.

ಹಾಗಾಗಿ ಮೊದಲ ಸಂಬಳದಿಂದಲೇ ಶುರು ಮಾಡಿದೆ. ಬೆಂಗಳೂರಲ್ಲಿ ಕೈಗೆ ಬರುತ್ತಿದ್ದದ್ದು 28,000, ಪಿಜಿಗೆ 7,000. ಸಾಲಕ್ಕೆ 12,000 ತೆಗೆದಿಟ್ಟೆ. ಬ್ಯಾಂಕಿನವರಿಗೇ ವಿಚಿತ್ರ ಅನ್ನಿಸಿತು. "ನಿಮ್ಮ ಇಎಂಐ ಇನ್ನೂ ಶುರುವೇ ಆಗಿಲ್ಲವಲ್ಲ ಮೇಡಂ, ಈಗ್ಯಾಕೆ?" ಅಂತ ಕೌಂಟರಿನವರು ಕೇಳಿದರು. ಕಟ್ಟಿದ್ದು ಮೊದಲು ಬಡ್ಡಿಗೆ ಹೋಗುತ್ತದೆ, ಆಮೇಲೆ ಅಸಲಿಗೆ. ಅದು ಗೊತ್ತಿದ್ದರೆ ಮೊದಮೊದಲು ಪಾಸ್‌ಬುಕ್ ನೋಡಿ ಬೇಜಾರಾಗಲ್ಲ. ದೊಡ್ಡ ಮೊತ್ತ ಕಟ್ಟಿದಾಗ 'ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ' ಅಂತ ಅರ್ಜಿ ಬರೆದು ಕೊಟ್ಟು, ಅದರ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಬಿಟ್ಟರೆ ಕಂತು ಇಳಿಸಿ ಅವಧಿಯನ್ನು ಹಾಗೇ ಇಟ್ಟುಬಿಡಬಹುದು. ನೋಡಲು ಹಗುರ, ಬಡ್ಡಿ ಮಾತ್ರ ಜಾಸ್ತಿ. ಬದಲಾಗುವ ಬಡ್ಡಿ ದರದ ಇಂಥ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ.

ಬರೀ ಸಂಬಳದಿಂದ ಇದು ಬೇಗ ಮುಗಿಯುವ ಬಾಬತ್ತಲ್ಲ. ಬಡ್ಡಿ ಇರುವ ಸಾಲವನ್ನು ಬಡ್ಡಿ ಇಲ್ಲದ ಸಾಲಕ್ಕೆ ಬದಲಾಯಿಸಬೇಕಿತ್ತು. ಇಂಥ ಸಾಲಕ್ಕೆ ಕರ್ಝೇ ಹಸನ್ ಅಂತ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಕೇಳಲು ಹೋದಾಗ ಗೊತ್ತಾಗುತ್ತದೆ ಅದರ ಕಷ್ಟ.

ದುಬೈಯಲ್ಲಿರುವ ಅಣ್ಣ ಒಂದೂವರೆ ಲಕ್ಷ ಕೊಟ್ಟ. "ಬರೆಯೋದೆಲ್ಲ ಯಾಕೆ, ನೀನು ನನ್ನ ತಂಗಿ ಅಲ್ವಾ" ಅಂದ. ನಾನು ಬಿಡಲಿಲ್ಲ. ಸಾಲ ಕೊಟ್ಟು ತೆಗೆದುಕೊಳ್ಳುವಾಗ ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಅನ್ನುವ ಅದೇ ಅಲ್‌ಬಕರದ 282ನೇ ಆಯತ್ ಕುರ್‌ಆನಿನಲ್ಲೇ ಅತಿ ಉದ್ದದ್ದು. ಅಷ್ಟು ಉದ್ದಕ್ಕೆ ಹೇಳಿದ್ದನ್ನು ಸಂಕೋಚಕ್ಕೆ ಬಿಡೋದಾ? ಮೊತ್ತ, ತಾರೀಕು, ಯಾವಾಗಿನಿಂದ ತಿಂಗಳಿಗೆ ಎಷ್ಟು ಕೊಡುತ್ತೇನೆ, ನಾನು ತೀರಿಕೊಂಡರೆ ನನ್ನ ಪಾಲಿನಿಂದ ಮೊದಲು ಇದು ತೀರಬೇಕು, ಎಲ್ಲ ಒಂದು ಹಾಳೆಯಲ್ಲಿ ಬಂತು. ಬಾಪ, ಮಾಮ ಸಾಕ್ಷಿ ಹಾಕಿದರು. ಈ ಸಾಲ ಇರುವಷ್ಟು ದಿನ ಅಣ್ಣನ ಮಕ್ಕಳಿಗೆ ಮೊದಲು ಕೊಡುತ್ತಿದ್ದ ಹಾಗೆ ಹಬ್ಬಕ್ಕೆ ಬಟ್ಟೆ ಕೊಟ್ಟೆ, ಅದಕ್ಕಿಂತ ದೊಡ್ಡ ಉಡುಗೊರೆ ಕೊಡಲಿಲ್ಲ. ಸಾಲ ಕೊಟ್ಟವರಿಗೆ ಸಾಲದ ನೆಪದಲ್ಲಿ ಸಿಗುವ ಲಾಭ ಬಡ್ಡಿಯ ಬಾಗಿಲಿಗೇ ಹೋಗುತ್ತದೆ ಅಂತ ಉಸ್ತಾದರು ಎಚ್ಚರಿಸಿದ್ದರು.

ಇನ್ನು ದೊಡ್ಡಮ್ಮನ ಬಂಗಾರ. ಮನೆಯಲ್ಲಿ ಬಂಗಾರ ಇದ್ದರೆ ಎಲ್ಲರೂ ಹೇಳುವುದು ಅಡವಿಡು ಅಂತ. ಅಲ್ಲೂ ಬಡ್ಡಿಯೇ. ಹಾಗಾಗಿ ದೊಡ್ಡಮ್ಮ ಎರಡು ಬಳೆಗಳನ್ನು ನನಗೆ ಸಾಲ ಕೊಟ್ಟರು, ನಾನು ಮಾರಿದೆ. ಮಾರುವ ಮುಂಚೆ ಅಕ್ಕಸಾಲಿಗನ ತಕ್ಕಡಿಯಲ್ಲಿ ಅವರ ಎದುರಿಗೇ ತೂಗಿಸಿದೆವು. 24 ಗ್ರಾಂ 160 ಮಿಲಿಗ್ರಾಂ ತೋರಿಸಿತು. ಒಂದು ಪವನ್ ಅಂದರೆ 8 ಗ್ರಾಂ. "ಮೂರು ಪವನ್ ಅಂತ ಬರಿ ಸಾಕು" ಅಂದರು ದೊಡ್ಡಮ್ಮ. ದೊಡ್ಡಪ್ಪ ಕನ್ನಡಕ ಏರಿಸಿ, "160 ಮಿಲಿ ಯಾರಪ್ಪನ ಮನೆಯದ್ದು? ಬರಿ" ಅಂದರು. ಬರೆದೆ. 22 ಕ್ಯಾರೆಟ್, ಅಷ್ಟೇ ತೂಕ, ಹಾಗೇ ವಾಪಸ್. ಮಜೂರಿಯ ಲೆಕ್ಕ ಇಲ್ಲ ಅನ್ನುವುದನ್ನೂ ಮಾತಾಡಿಕೊಂಡೆವು.

ಬಂಗಾರ ಸಾಲ ಪಡೆದರೆ ಬಂಗಾರವನ್ನೇ, ಅಷ್ಟೇ ತೂಕಕ್ಕೆ ಕೊಡಬೇಕು. ಅವತ್ತಿನ ಬೆಲೆ ಹಿಡಿದು 'ಇಷ್ಟು ರೂಪಾಯಿ ಕೊಡುತ್ತೇನೆ' ಅಂತ ಮೊದಲೇ ಮಾತಾಡುವ ಹಾಗಿಲ್ಲ. 2019ರ ಆರಂಭದಲ್ಲಿ ಗ್ರಾಂಗೆ 3,000 ರೂಪಾಯಿಗೆ ಸ್ವಲ್ಪ ಮೇಲಿತ್ತು. ಕೈಗೆ ಬಂದದ್ದು 72,000. 2021ರಲ್ಲಿ ವಾಪಸ್ ಕೊಡಲು 8 ಗ್ರಾಂನ ಮೂರು ನಾಣ್ಯ ಕೊಳ್ಳುವಾಗ ಗ್ರಾಂಗೆ 4,500ರ ಆಸುಪಾಸು. ಒಂದು ಲಕ್ಷ ದಾಟಿತು. ಅದೇ 72,000ಕ್ಕೆ ಎರಡು ವರ್ಷ ಬ್ಯಾಂಕಿಗೆ ಬಡ್ಡಿ ಕಟ್ಟಿದ್ದರೆ 15,000ದಷ್ಟು ಆಗುತ್ತಿತ್ತು. ಅಂದರೆ ಬರೀ ರೂಪಾಯಿ ನೋಡಿದರೆ ಬ್ಯಾಂಕೇ ಅಗ್ಗ. ಹಲಾಲ್ ದಾರಿ ಹಿಡಿದರೆ ದುಡ್ಡು ಉಳಿಯುತ್ತದೆ ಅಂತ ಹೇಳುವವರನ್ನು ಕಂಡರೆ ಅದಕ್ಕೇ ನನಗೆ ಸ್ವಲ್ಪ ಸಿಟ್ಟು. ಉಳಿಯಬಹುದು, ಉಳಿಯದೆಯೂ ಇರಬಹುದು. ದರ ಏರಬಹುದು ಅಂತ ಗೊತ್ತಿದ್ದೇ ಒಪ್ಪಿದ್ದೆ. ದೊಡ್ಡಮ್ಮ ಕೊಟ್ಟದ್ದು ಮೂರು ಪವನ್, ಅವರಿಗೆ ಸಿಗಬೇಕಾದದ್ದೂ ಮೂರು ಪವನ್. ದರ ಇಳಿದಿದ್ದರೂ ಅವರು ಅಷ್ಟನ್ನೇ ತೆಗೆದುಕೊಳ್ಳುತ್ತಿದ್ದರು. 160 ಮಿಲಿಗೆ ಸರಿಯಾದದ್ದು ಸಿಗಲಿಲ್ಲ, ಅರ್ಧ ಗ್ರಾಂನ ಪುಟ್ಟ ನಾಣ್ಯ ಕೊಟ್ಟೆ. ಮೊದಲೇ ಮಾತಾಡಿಕೊಳ್ಳದೆ, ತೀರಿಸುವಾಗ ಖುಷಿಯಿಂದ ಸ್ವಲ್ಪ ಹೆಚ್ಚು ಕೊಡುವುದು ಸುನ್ನತ್, ಅಂದರೆ ಪ್ರವಾದಿಯವರ ನಡೆ. ಒಂಟೆ ಸಾಲ ಪಡೆದು ಅದಕ್ಕಿಂತ ಒಳ್ಳೆಯ ಒಂಟೆ ಹಿಂದಿರುಗಿಸಿದ ಪ್ರವಾದಿಯವರ ಮಾದರಿ ನಮಗಿದೆಯಲ್ಲ.

ಉಮ್ಮನ (ಅಮ್ಮನ) ಕೈಯಲ್ಲಿ ಒಂದು ಚೀಟಿ ಇತ್ತು. ನೆಂಟರ ಪೈಕಿ ಹೆಂಗಸರು ಹನ್ನೆರಡು ಜನ, ತಿಂಗಳಿಗೆ 5,000. ಹರಾಜು ಇಲ್ಲ. ಹೆಸರು ಬರೆದು ಡಬ್ಬಿಗೆ ಹಾಕಿ ಎತ್ತುವುದು, ಬಂದವರಿಗೆ ಪೂರ್ತಿ 60,000. ಕೂಗಿ ಕಡಿಮೆಗೆ ಎತ್ತುವ ಚೀಟಿಯಲ್ಲಿ ಅವಸರ ಇರುವವರು ಕಳೆದುಕೊಂಡದ್ದನ್ನು ಉಳಿದವರು ಹಂಚಿಕೊಳ್ಳುತ್ತಾರೆ. ನಮ್ಮ ಕಡೆ ಧರ್ಮದ ದೃಷ್ಟಿಯಿಂದ ಅದನ್ನು ಬೇಡ ಅನ್ನುವವರು ಜಾಸ್ತಿ. ನಮ್ಮ ಚೀಟಿಯಲ್ಲಿ ಯಾರಿಗೂ ಒಂದು ಪೈಸೆ ಲಾಭವಿಲ್ಲ, ನಷ್ಟವಿಲ್ಲ. ನನ್ನ ಸರದಿ ಬೇಗ ಬಂತು. ಬಾಕಿ ತಿಂಗಳುಗಳಲ್ಲಿ ಆ 5,000 ಹೊಂದಿಸಲು ಒದ್ದಾಡಿದ್ದು ಬೇರೆ ಮಾತು.

2020ರ ಲಾಕ್‌ಡೌನ್‌ನಲ್ಲಿ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು. ಆಗಲೂ ಬಡ್ಡಿ ಓಡುತ್ತಲೇ ಇತ್ತು, ಹಾಗಾಗಿ ಬೇಡ ಅಂದೆ. ಮನೆಯಿಂದಲೇ ಕೆಲಸ ಆದ್ದರಿಂದ ಪಿಜಿ ಬಾಡಿಗೆಯೂ ಸಾಲಕ್ಕೇ ಹೋಯಿತು. ಅದೇ ವರ್ಷ ಬ್ಯಾಂಕಿನ ಲೆಕ್ಕ ಮುಗಿಯಿತು. ಬೇಬಾಕಿ ಪತ್ರ ಕೇಳಿ ಪಡೆದೆ. ಎರಡು ತಿಂಗಳು ಬಿಟ್ಟು, ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲೂ ಸಾಲ ಮುಗಿದಿದೆ ಅಂತ ಬಂದಿದೆಯಾ ನೋಡಿ, ಕೆಲವೊಮ್ಮೆ ಬಂದಿರಲ್ಲ.

ಇಷ್ಟರ ನಡುವೆ ಝಕಾತ್‌ನ ಮಾತು ಬಂದಿತ್ತು. ಉಳ್ಳವರು ತಮ್ಮ ಕೈಯಲ್ಲಿ ವರ್ಷ ನಿಂತ ಸಂಪತ್ತಿನಲ್ಲಿ ಒಂದು ಪಾಲನ್ನು ಕಡ್ಡಾಯವಾಗಿ ಕೊಡುವ ದಾನ ಅದು. ಝಕಾತ್ ಪಡೆಯಬಹುದಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಸೇರುತ್ತಾರೆ. ನೆಂಟರೊಬ್ಬರು ಕೊಡುತ್ತೇನೆ ಅಂದರು. ಕೆಲಸ ಇದೆ, ತೀರಿಸುವ ಶಕ್ತಿ ಇದೆ, ಹಾಗಾಗಿ ನಾನು ತೆಗೆದುಕೊಳ್ಳಲಿಲ್ಲ. ಆದರೆ ಕೆಲಸ ಸಿಗದೆ ಒದ್ದಾಡುವವರು ನಾಚಿಕೆಯಿಂದ ಸುಮ್ಮನಿರಬೇಕಾಗಿಲ್ಲ, ಉಸ್ತಾದರನ್ನು ಕೇಳಿ. ನಾನು ಝಕಾತ್ ಕೊಡಬೇಕಾ ಅನ್ನುವುದೂ ಕೇಳಿದ್ದೆ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ (ಧರ್ಮಶಾಸ್ತ್ರದ ಪಂಥದಲ್ಲಿ) ಸಾಲ ಇದೆ ಅನ್ನುವ ಕಾರಣಕ್ಕೆ ಝಕಾತ್ ತಪ್ಪುವುದಿಲ್ಲ, ಹನಫಿಗಳಲ್ಲಿ ಸಾಲ ಕಳೆದು ನೋಡುತ್ತಾರೆ. ನನ್ನ ವಿಷಯದಲ್ಲಿ ವರ್ಷ ತುಂಬುವಷ್ಟು ಹೊತ್ತು ದುಡ್ಡು ಕೈಯಲ್ಲಿ ನಿಂತದ್ದೇ ಇಲ್ಲ. ಸಂಬಳದ ಖಾತೆಗೆ ಬರುತ್ತಿದ್ದ ಚಿಲ್ಲರೆ ಬಡ್ಡಿಯನ್ನು ಲೆಕ್ಕ ಹಾಕಿ, ಪುಣ್ಯದ ಆಸೆ ಇಟ್ಟುಕೊಳ್ಳದೆ ಬಡವರಿಗೆ ದಾಟಿಸಿದೆ.

ಬ್ಯಾಂಕ್ ಮುಗಿದ ಮೇಲೆ ಹಗುರ ಆಯಿತಾ ಅಂತ ಕೇಳಿದರೆ, ಇಲ್ಲ. ಬ್ಯಾಂಕಿನವರು ನನ್ನ ಹೊಸ ಚಪ್ಪಲಿ ನೋಡುವುದಿಲ್ಲ. ಅಣ್ಣನ ದುಡ್ಡು ಬಾಕಿ ಇರುವಾಗ ಗೆಳತಿಯರ ಜೊತೆ ಊಟಿಗೆ ಹೋಗಲು ನನಗೇ ಮುಜುಗರ. ಸ್ಟೇಟಸ್ ಹಾಕದೆ ಹೋಗಬಹುದಿತ್ತು ಅನ್ನಿ, ಹೋಗಲಿಲ್ಲ. ನಡುವೆ ಅಣ್ಣನ ಕೆಲಸವೇ ಹೋಯಿತು. ಅವನಾಗಿ ಕೇಳಲಿಲ್ಲ. ಬರೆದಿದ್ದ ಕಂತಿಗೆ ಕಾಯದೆ ಇದ್ದಷ್ಟನ್ನು ಕಳಿಸಿದೆ. ಕೊನೆಯ ಕಂತು ಮುಟ್ಟಿದ ದಿನ ಆ ಹಾಳೆಯ ಕೆಳಗೆ 'ಸಂದಾಯ' ಅಂತ ಅವನೇ ಬರೆದು ಸಹಿ ಹಾಕಿ ಫೋಟೊ ಕಳಿಸಿದ.

ಈಗ ತಮ್ಮನ ಸರದಿ. ಸಿಇಟಿಯಲ್ಲಿ ಸೀಟು ಸಿಕ್ಕಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೆ ಅರ್ಜಿ ಹಾಕಿದ್ದೇವೆ. ಅದರಲ್ಲಿ ಶೇ 2ರ ಸೇವಾ ಶುಲ್ಕ ಇದೆ. ಇದೂ ಬಡ್ಡಿಯೇ ಅನ್ನುವವರಿದ್ದಾರೆ, ನಿಜವಾದ ಖರ್ಚಿಗೆ ಆದರೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. ನಮ್ಮ ಉಸ್ತಾದರು ಎರಡನೆಯ ಮಾತಿನವರು. ಉಳಿದ ಶುಲ್ಕಕ್ಕೆ ಉಮ್ಮ ಹೊಸ ಚೀಟಿ ಶುರು ಮಾಡಿದ್ದಾರೆ, ಈ ಸಲ ಇಪ್ಪತ್ತು ಜನ.