ಎತ್ತರದ ಹೀಲ್ಸ್‌ನಿಂದ ಹಂತ ಹಂತವಾಗಿ ಕೆಳಗಿಳಿದ ಬಗೆ

ಬೆಂಗಳೂರಿನ ಒಂದು ಹೋಟೆಲಿನ ಸ್ವಾಗತ ವಿಭಾಗದಲ್ಲಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ರೇಷ್ಮೆ ಸೀರೆ, ಮುಡಿಗೆ ಹೂವು, ಕಾಲಿಗೆ ಮೂರು ಇಂಚಿನ ಕಪ್ಪು ಹೀಲ್ಸ್ ಎಂಬುದು ನಮ್ಮ ಸಮವಸ್ತ್ರವಾಗಿತ್ತು. ಪಾಳಿಯ ಬಹುಭಾಗವನ್ನು ನಿಂತೇ ಕಳೆಯಬೇಕಾದ ಕೆಲಸವಿದು. ಈಗ ಅದೇ ಮೇಜಿನ ಹಿಂದೆ ಒಂದು ಇಂಚಿಗೂ ಕಡಿಮೆ ಎತ್ತರದ, ಬೆರಳುಗಳ ಕಡೆ ಅಗಲವಾದ ಶೂ ತೊಟ್ಟು ನಿಲ್ಲುತ್ತೇನೆ. ಹೀಲ್ಸ್ ಬಿಡಿ ಎಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಹೇಗೆ ಬಿಡಬೇಕೆಂದು ಹೇಳುವವರು ಮಾತ್ರ ಸಿಗುವುದು ಕಷ್ಟವಾದ್ದರಿಂದ ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನೋವು ಮೊದಲು ಕಾಣಿಸಿಕೊಂಡದ್ದು ಬೆರಳುಗಳ ಬುಡದಲ್ಲಿ. ಸಂಜೆಯಾಗುತ್ತಿದ್ದಂತೆ ಅಂಗಾಲಿನ ಮುಂಭಾಗ ಉರಿಯತೊಡಗುತ್ತಿತ್ತು, ಕಿರುಬೆರಳಿನ ಮೇಲೆ ಆಣಿ ಎದ್ದಿತ್ತು, ಎರಡನೆಯ ಬೆರಳಿನ ಕಾಲುಂಗುರ ಚೂಪು ಮೂತಿಯ ಶೂವಿನೊಳಗೆ ಪಕ್ಕದ ಬೆರಳನ್ನು ಒತ್ತಿ ಕೆಂಪು ಗುರುತು ಮೂಡಿಸುತ್ತಿತ್ತು. ನಾನು ಕಂಡ ಫಿಸಿಯೊಥೆರಪಿಸ್ಟ್ ಕಾರಣವನ್ನು ಬಿಡಿಸಿ ಹೇಳಿದರು. ಒಂದೊಂದು ಪಾದದಲ್ಲಿಯೂ 26 ಮೂಳೆಗಳಿದ್ದು, ಬರಿಗಾಲಿನಲ್ಲಿ ನಿಂತಾಗ ದೇಹದ ಭಾರ ಹಿಮ್ಮಡಿಗೂ ಮುಂಗಾಲಿಗೂ ಹಂಚಿಹೋಗುತ್ತದೆ. ಹಿಮ್ಮಡಿಯನ್ನು ಎತ್ತಿದಷ್ಟೂ ಆ ಭಾರ ಮುಂದಕ್ಕೆ ಜಾರಿ ಬೆರಳುಗಳ ಬುಡದ ಸಣ್ಣ ಮೂಳೆಗಳ ಮೇಲೆ ಬೀಳುತ್ತದೆ. ಶೂವಿನ ಮೂತಿ ಕಿರಿದಾಗಿದ್ದರೆ ಅದೇ ಜಾಗ ಎರಡೂ ಪಕ್ಕದಿಂದ ಹಿಂಡಲ್ಪಡುತ್ತದೆ. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಹಾದುಹೋಗುವ ನರದ ಸುತ್ತ ಊತ ಬಂದು, ಚಪ್ಪಲಿಯೊಳಗೆ ಕಲ್ಲು ಸೇರಿಕೊಂಡಿದೆಯೇನೋ ಎನ್ನಿಸುವ ನೋವು ಅನೇಕರಿಗೆ ಬರುವುದು ಈ ಒತ್ತಡದಿಂದಲೇ.

ಬಳಿಕ ಅವರು ನನ್ನನ್ನು ಕುಕ್ಕರಗಾಲಿನಲ್ಲಿ ಕೂರಿಸಿದರು. ನನ್ನ ಹಿಮ್ಮಡಿಗಳು ನೆಲ ಮುಟ್ಟಲಿಲ್ಲ. ಅರವತ್ತು ದಾಟಿದ ನನ್ನ ಅಮ್ಮ ಇಂದಿಗೂ ಅಂಗಾಲು ಪೂರ್ತಿ ನೆಲಕ್ಕೂರಿ ಕುಳಿತು ರಂಗೋಲಿ ಹಾಕುತ್ತಾರೆ. ಐದು ಸೆಂಟಿಮೀಟರ್ ಅಥವಾ ಅದಕ್ಕಿಂತ ಎತ್ತರದ ಹೀಲ್ಸ್ ಅನ್ನು ಎರಡು ವರ್ಷಗಳಿಗೂ ಹೆಚ್ಚು ಕಾಲ ಹೆಚ್ಚುಕಡಿಮೆ ನಿತ್ಯವೂ ಧರಿಸಿದ ಮಹಿಳೆಯರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಒಂದು ಯುರೋಪಿನ ಅಧ್ಯಯನದಲ್ಲಿ, ಅವರ ಮೀನಖಂಡದ ಸ್ನಾಯು ಎಳೆಗಳು ಇತರರಿಗಿಂತ ಸುಮಾರು 13% ಗಿಡ್ಡವಾಗಿದ್ದುದೂ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ದಪ್ಪಗಾಗಿ ಬಿಗಿದಿದ್ದುದೂ ಕಂಡುಬಂದಿತ್ತು. ಇಂಥ ಕಾಲು ಒಮ್ಮೆಲೇ ಸಪಾಟು ಚಪ್ಪಲಿಗೆ ಇಳಿದರೆ, ಗಿಡ್ಡವಾದ ಮೀನಖಂಡ ಹಿಮ್ಮಡಿಯನ್ನು ಮೇಲಕ್ಕೆಳೆಯುತ್ತದೆ, ಅಂಗಾಲಿನ ಪಟ್ಟಿ ಹಿಗ್ಗುತ್ತದೆ, ಬೆಳಿಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಯಲ್ಲೇ ಹಿಮ್ಮಡಿ ಚುಚ್ಚುತ್ತದೆ. ಆರಾಮದ ಶೂ ಕೊಂಡಮೇಲೆ ನೋವು ಹೆಚ್ಚಾಯಿತೆಂದು ಹಲವರು ಮತ್ತೆ ಹೀಲ್ಸ್‌ಗೆ ಮರಳುವುದು ಈ ಕಾರಣದಿಂದ ಎಂದು ಫಿಸಿಯೊಥೆರಪಿಸ್ಟ್ ಮೊದಲೇ ಎಚ್ಚರಿಸಿದ್ದರು.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಹಗಲೆಲ್ಲ ಮೂರು ಇಂಚಿನ ಮೇಲೆ ನಿಂತವಳು ಹೊಸ್ತಿಲಲ್ಲಿ ಶೂ ಕಳಚಿ ನೇರವಾಗಿ ಗ್ರಾನೈಟ್ ನೆಲದ ಮೇಲೆ ಬರಿಗಾಲಿನಲ್ಲಿ ನಡೆಯುತ್ತಾಳೆ, ಅಡುಗೆಮನೆಯಲ್ಲಿ ಮತ್ತೆ ನಿಲ್ಲುತ್ತಾಳೆ. ಆದ್ದರಿಂದ ನಾನು ಮಾಡಿದ ಮೊದಲ ಬದಲಾವಣೆ ಕೆಲಸದ ಶೂವಿಗೆ ಸಂಬಂಧಿಸಿದ್ದೇ ಅಲ್ಲ. ಹಿಮ್ಮಡಿ ತುಸು ಎತ್ತರವಿರುವ, ದಪ್ಪ ಮೆತ್ತೆಯ ಒಂದು ಜೊತೆ ಚಪ್ಪಲಿಯನ್ನು ಮನೆಯೊಳಗಿನ ಬಳಕೆಗೆಂದೇ ಕೊಂಡೆ. ಅತ್ತೆಯವರಿಗೆ ಮನೆಯೊಳಗೆ ಚಪ್ಪಲಿ ಎಂಬುದೇ ಒಗ್ಗದ ವಿಷಯ. ಹೊರಗೆ ಮೆಟ್ಟದ ಹೊಸ ಜೊತೆಯೆಂದೂ ದೇವರ ಕೋಣೆಯ ಹತ್ತಿರ ತರುವುದಿಲ್ಲವೆಂದೂ ಒಪ್ಪಿಸಬೇಕಾಯಿತು. ಈಗ ಮೊಣಕಾಲು ನೋವಿಗೆಂದು ಅವರೂ ಅಂಥದ್ದೇ ಒಂದು ಜೊತೆ ಇಟ್ಟುಕೊಂಡಿದ್ದಾರೆ.

ಕೆಲಸದ ಶೂವಿನಲ್ಲಿ ಮೂರು ಇಂಚಿನಿಂದ ಎರಡಕ್ಕೆ, ಎರಡರಿಂದ ಒಂದೂವರೆಗೆ, ಅಲ್ಲಿಂದ ಒಂದಕ್ಕೂ ಕೆಳಕ್ಕೆ ಇಳಿದೆ. ಮುಂದಿನ ಹಂತಕ್ಕೆ ಯಾವಾಗ ಹೋಗಬೇಕೆಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಲಿಲ್ಲ. ಬೆಳಗಿನ ಮೊದಲ ಹೆಜ್ಜೆ ಸತತ ಕೆಲವು ವಾರ ನೋವಿಲ್ಲದೆ ಬಿದ್ದರೆ ಮಾತ್ರ ಇಳಿಯುತ್ತಿದ್ದೆ. ಒಟ್ಟಿನಲ್ಲಿ ಒಂದು ವರ್ಷದ ಆಸುಪಾಸು ಹಿಡಿಯಿತು. ಇರುವ ಶೂವಿನ ಹಿಮ್ಮಡಿಯನ್ನೇ ಕತ್ತರಿಸಿಕೊಡಿ ಎಂದು ರಿಪೇರಿಯವರನ್ನು ಕೇಳಿದಾಗ, ಒಂದು ಸೆಂಟಿಮೀಟರಿಗಿಂತ ಹೆಚ್ಚು ತೆಗೆದರೆ ಶೂವಿನ ಒಟ್ಟು ಬಾಗು ಕೆಟ್ಟು ಮೂತಿ ಮೇಲೇಳುತ್ತದೆ ಎಂದು ಅವರು ತಿಳಿಸಿದರು. ಮುಂಭಾಗದ ಅಟ್ಟೆಯೂ ದಪ್ಪವಾಗಿರುವ ಪ್ಲಾಟ್‌ಫಾರ್ಮ್ ಶೂಗಳಲ್ಲಿ ಹಿಂದಿನ ಎತ್ತರದಿಂದ ಮುಂದಿನ ದಪ್ಪವನ್ನು ಕಳೆದರೆ ಉಳಿಯುವುದೇ ಪಾದದ ನಿಜವಾದ ಏರು ಎಂಬ ಲೆಕ್ಕ ಆಗ ಉಪಯೋಗಕ್ಕೆ ಬಂತು, ಆದರೆ ಅವುಗಳ ಅಟ್ಟೆ ಬಾಗದಿರುವುದರಿಂದ ಕಾಲು ಹೊರಳುವ ಭಯವಿದ್ದೇ ಇರುತ್ತದೆ.

ಅಗಲ ಹಿಮ್ಮಡಿಯ ಬ್ಲಾಕ್ ಹೀಲ್ಸ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆನ್ಸಿಲ್ ಹೀಲ್ಸ್‌ಗೆ ಹೋಲಿಸಿದರೆ ಅವುಗಳಲ್ಲಿ ಕಾಲು ಉಳುಕುವ ಸಂಭವ ಕಡಿಮೆ, ನಿಲ್ಲುವುದೂ ಸುಲಭ. ಮೊಣಕಾಲಿಗೆ ಮಾತ್ರ ಅಂಥ ರಿಯಾಯಿತಿ ಸಿಗುವುದಿಲ್ಲ. ಅಮೆರಿಕದ ವೈದ್ಯೆ ಕೇಸಿ ಕೆರಿಗನ್ ಮತ್ತು ಸಂಗಡಿಗರು 1998ರಲ್ಲಿ ಹೀಲ್ಸ್ ಧರಿಸಿ ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಬಲ ಗಣನೀಯವಾಗಿ ಏರುವುದನ್ನು ತೋರಿಸಿದ್ದರು. 2001ರಲ್ಲಿ ಅಗಲ ಹಿಮ್ಮಡಿಯ ಶೂಗಳನ್ನು ಪರೀಕ್ಷಿಸಿದಾಗಲೂ ಫಲಿತಾಂಶ ಹೆಚ್ಚುಕಡಿಮೆ ಅದೇ ಆಗಿತ್ತು. ಎಂದೇ ನಾನು ಬ್ಲಾಕ್ ಹೀಲ್ಸ್ ಅನ್ನು ನಡುವಿನ ಹಂತವಾಗಿ ಮಾತ್ರ ಬಳಸಿದೆ.

ಇಳಿಯುವ ಉದ್ದಕ್ಕೂ ವ್ಯಾಯಾಮ ನಡೆದಿತ್ತು. ಗೋಡೆಗೆ ಕೈಯೂರಿ ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ, ಮೊದಲು ಮೊಣಕಾಲನ್ನು ನೇರವಾಗಿಟ್ಟು, ಆಮೇಲೆ ತುಸು ಬಾಗಿಸಿ ಮೀನಖಂಡವನ್ನು ಎಳೆಯುತ್ತಿದ್ದೆ. ಮೊಣಕಾಲು ನೇರವಿದ್ದರೆ ಮೇಲಿನ ಸ್ನಾಯುವಿಗೂ ಬಾಗಿದ್ದರೆ ಒಳಗಿನ ಸ್ನಾಯುವಿಗೂ ಎಳೆತ ಸಿಗುವುದರಿಂದ ಎರಡನ್ನೂ ಮಾಡಬೇಕಾಗುತ್ತದೆ. ಹಾಸಿಗೆಯಿಂದೇಳುವ ಮುನ್ನ ಕಾಲ ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಹಿಂದಕ್ಕೆಳೆದು ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಬಿಡುವುದು ಬೆಳಗಿನ ನೋವಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಎಳೆತ ರೂಢಿಯಾದ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ಸೇರಿಸಿದೆ.

ಶೂ ಕೊಳ್ಳುವಾಗ ಎತ್ತರಕ್ಕಿಂತ ಅಗಲಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಿಳಿ ಹಾಳೆಯ ಮೇಲೆ ನಿಂತು ಎರಡೂ ಪಾದಗಳ ಅಂಚನ್ನು ಗೀಚಿಕೊಂಡು, ಆ ಹಾಳೆಯ ಮೇಲೆ ಅಂಗಡಿಯ ಶೂ ಇಟ್ಟು ನೋಡಿದರೆ ಸಾಕು: ಶೂವಿನಿಂದ ಹೊರಗುಳಿದ ಗೆರೆಯಷ್ಟು ಪಾದ ಪ್ರತಿದಿನ ಒಳಗೆ ಹಿಂಡಲ್ಪಡುತ್ತದೆ. ಪಾದ ಊದಿರುವ ಸಂಜೆಯ ಹೊತ್ತಿನಲ್ಲಿ ಹೋಗಿ, ದೊಡ್ಡ ಪಾದಕ್ಕೆ ಹೊಂದುವ ಅಳತೆಯನ್ನೇ ಆರಿಸಿಕೊಳ್ಳುವುದು ವಾಸಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದಗಳನ್ನು ಸ್ಕ್ಯಾನ್ ಮಾಡಿ, ನಮ್ಮ ಪಾದಗಳು ಇಲ್ಲಿ ಚಾಲ್ತಿಯಲ್ಲಿರುವ ವಿದೇಶಿ ಅಳತೆಗಳಿಗಿಂತ ಅಗಲವೆಂದು ಕಂಡುಕೊಂಡು, ‘ಭ’ ಎಂಬ ಭಾರತೀಯ ಅಳತೆಯ ಪದ್ಧತಿಯನ್ನು ಸೂಚಿಸಿದೆ. ಕಚ್ಚುತ್ತಿರುವ ಶೂ ಮೆಟ್ಟುತ್ತಾ ಹೋದಂತೆ ಸಡಿಲವಾಗುತ್ತದೆ ಎಂಬ ಅಂಗಡಿಯವರ ಭರವಸೆಯನ್ನು ನಾನು ನಂಬುವುದಿಲ್ಲ. ಕಾಗದದಷ್ಟು ತೆಳು ಅಟ್ಟೆಯ, ಬ್ಯಾಲೆರಿನಾ ಎಂಬ ಸಪಾಟು ಶೂಗಳನ್ನೂ ಆರಾಮದ ಪಟ್ಟಿಗೆ ಸೇರಿಸುವುದಿಲ್ಲ. ಶೂ ಬೆರಳುಗಳ ಬುಡದಲ್ಲಿ ಬಾಗಬೇಕು, ನಟ್ಟನಡುವೆ ಮಡಚಿಕೊಳ್ಳಬಾರದು.

ಸಮವಸ್ತ್ರದ ನಿಯಮವನ್ನು ಬದಲಿಸಲು ಆಡಳಿತದವರನ್ನು ಒಪ್ಪಿಸಿದ್ದು ಬೇರೆಯೇ ಕೆಲಸ. ಫಿಲಿಪ್ಪೀನ್ಸ್ ದೇಶ 2017ರಲ್ಲಿ ಕೆಲಸದ ಶೂವಿನ ಹಿಮ್ಮಡಿಗೆ ಒಂದು ಇಂಚಿನ ಮಿತಿ ಹಾಕಿದ್ದನ್ನೂ, ಕೇರಳ 2018ರಲ್ಲಿ ಮತ್ತು ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರಲು ಆಸನ ಕಡ್ಡಾಯಗೊಳಿಸಿದ್ದನ್ನೂ ಪತ್ರದಲ್ಲಿ ಬರೆದೆ. ಅವಕ್ಕಿಂತ ಹೆಚ್ಚಾಗಿ ನಾಟಿದ್ದು, ಸೀರೆಯ ಅಂಚಿನ ಕೆಳಗೆ ಅತಿಥಿಗಳಿಗೆ ಕಾಣುವುದು ಶೂವಿನ ತುದಿ ಮಾತ್ರ ಎಂಬ ಸರಳ ವಾದ. ಕಪ್ಪು ಬಣ್ಣ ಮತ್ತು ಮುಚ್ಚಿದ ಮೂತಿ ಉಳಿದು, ಎತ್ತರದ ಷರತ್ತು ಹೋಯಿತು. ಮೇಜಿನ ಹಿಂದೆ ರಬ್ಬರ್ ಹಾಸು ಬಂತು. ಎತ್ತರ ಇಳಿದಂತೆಲ್ಲ ನೆರಿಗೆಯನ್ನು ಒಂದಿಷ್ಟು ಮೇಲಕ್ಕೆ ಕಟ್ಟಬೇಕಾಗುತ್ತದೆ, ಇಲ್ಲವಾದರೆ ಅಂಚು ಕಾಲಿಗೆ ಸಿಕ್ಕುತ್ತದೆ.

ಎಲ್ಲವೂ ಸರಿಹೋಗಿಲ್ಲ. ಹೆಬ್ಬೆರಳಿನ ಬುಡದಲ್ಲಿ ಹೊರಚಾಚಿದ ಗಂಟು ಹಾಗೆಯೇ ಇದೆ. ಅಗಲ ಶೂ ಅದರ ನೋವನ್ನು ತಗ್ಗಿಸಬಲ್ಲದು, ಓರೆಯಾದ ಮೂಳೆಯನ್ನು ನೇರಗೊಳಿಸಲು ಶಸ್ತ್ರಚಿಕಿತ್ಸೆಯೇ ಬೇಕು. ಆ ಗಂಟಿಗೆ ಅನುವಂಶೀಯತೆಯೂ ಒಂದು ಕಾರಣ, ಹೀಲ್ಸ್ ಕಂಡೇ ಇರದ ನನ್ನ ದೊಡ್ಡಮ್ಮನಿಗೂ ಅದಿತ್ತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ನನ್ನ ಕ್ರಮವನ್ನು ಅನುಸರಿಸದೆ ನೇರವಾಗಿ ವೈದ್ಯರನ್ನೇ ಕೇಳಬೇಕು.

ಮದುವೆಯ ಆರತಕ್ಷತೆಗಳಿಗೆ ಎರಡು ಇಂಚಿನ ಒಂದು ಜೊತೆಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ, ಧರಿಸಲು ಇಷ್ಟವೂ ಇದೆ. ಛತ್ರದವರೆಗೆ ಸಪಾಟು ಚಪ್ಪಲಿಯಲ್ಲಿ ಹೋಗಿ, ವೇದಿಕೆ ಹತ್ತಿ ಫೋಟೊ ಮುಗಿಯುವವರೆಗೆ ಹೀಲ್ಸ್ ಧರಿಸಿ, ಊಟದ ಸರದಿಗೆ ನಿಲ್ಲುವ ಮುನ್ನ ಚೀಲದಲ್ಲಿರುವ ಚಪ್ಪಲಿಗೆ ಬದಲಾಯಿಸಿಕೊಳ್ಳುತ್ತೇನೆ. ಮರುದಿನ ಬೆಳಿಗ್ಗೆ ಗೋಡೆಯ ಬಳಿಯ ವ್ಯಾಯಾಮವನ್ನು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಮಾಡುತ್ತೇನೆ.