ಹೊನ್ನಾವರದ ಅಳಿವೆ ಮೇಲೆ ಡ್ರೋನ್ ವಿಡಿಯೋ ಮಿಣುಕುತ್ತಿತ್ತು, ಸರಿಮಾಡಿದ್ದು ಹೀಗೆ

ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಿಂದ ಸಮುದ್ರದ ಕಡೆ ಡ್ರೋನ್ ತಿರುಗಿಸಿದರೆ ಸಾಕು, ವಿಡಿಯೋ ಒಮ್ಮೆಲೇ ಕಪ್ಪಾಗುತ್ತಿತ್ತು, ಕಾಡಿನ ಕಡೆ ಬಂದರೆ ಮತ್ತೆ ಬೆಳ್ಳಗೆ. ತೆಂಗಿನ ಗರಿ, ಅಲೆಯ ನೊರೆ ಎಲ್ಲ ತಡೆತಡೆದು ಓಡಿದಂತೆ ಕಾಣುತ್ತಿತ್ತು.

ಮೆಮೊರಿ ಕಾರ್ಡ್ ಬದಲಿಸಿದೆ, ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಕ್ಯಾಲಿಬ್ರೇಟ್ ಮಾಡಿದೆ, ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆ. ಉಪಯೋಗವಾಗಲಿಲ್ಲ. ಸೆಕೆಂಡಿಗೆ 60 ಫ್ರೇಮ್‌ಗೆ ಏರಿಸಿದಾಗ ತಡವರಿಕೆ ಸ್ವಲ್ಪ ತಗ್ಗಿತು, ಬೆಳಕಿನ ಏರಿಳಿತ ಹಾಗೇ ಇತ್ತು.

ಕಾರಣ ಆಟೋ ಎಕ್ಸ್‌ಪೋಶರ್, ಅಂದರೆ ದೃಶ್ಯ ಬದಲಾದಂತೆ ಕ್ಯಾಮೆರಾ ತಾನೇ ಬೆಳಕು ಏರಿಸಿ ಇಳಿಸುವುದು. ನನ್ನ ಡ್ರೋನಿನ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/2.8, ಬದಲಿಸಲು ಬರುವುದಿಲ್ಲ. ಬಿಸಿಲಿಗೆ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) ತಾನೇ 1/3200 ಸೆಕೆಂಡಿನ ಆಸುಪಾಸಿಗೆ ಹೋಗುತ್ತದೆ. ಪ್ರತಿ ಫ್ರೇಮೂ ಚೂಪು, ಚಲನೆಯ ಮಸುಕೇ ಇಲ್ಲ. ಮತ್ತೆ ನುಣುಪು ಎಲ್ಲಿಂದ ಬರಬೇಕು, ಅಲ್ವಾ?

ಮೊದಲು ಎನ್‌ಡಿ ಫಿಲ್ಟರ್ ಹಾಕಿ, ಅದು ಬೆಳಕು ತಗ್ಗಿಸುವ ಕಪ್ಪು ಗಾಜು, ಸಂಖ್ಯೆ ಹೆಚ್ಚಿದಷ್ಟೂ ದಟ್ಟ. ಅದೂ ಡ್ರೋನ್ ಆನ್ ಮಾಡುವ ಮೊದಲೇ, ಆಮೇಲೆ ಹಾಕಿದರೆ ಸುಮ್ನೆ ಗಿಂಬಲ್ ಮೋಟರಿಗೆ ತ್ರಾಸು. ಬೆಳಗಿನ ಎಳೆಬಿಸಿಲಿಗೆ ಎನ್‌ಡಿ16, ನೆತ್ತಿ ಬಿಸಿಲಿಗೆ ಎನ್‌ಡಿ64. ನಂತರ ಮ್ಯಾನುವಲ್ ಮೋಡ್: 25 ಫ್ರೇಮ್, ಶಟರ್ 1/50, ಐಎಸ್‌ಒ (ಬೆಳಕಿನ ಸಂವೇದನೆ) 100, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 5600ಕೆ. ಮೇಲೆ ಹೋದ ಮೇಲೆ ಹೊಳೆಯುವ ನೀರಿನ ಕಡೆ ತಿರುಗಿಸಿ ಜೀಬ್ರಾ ಗೆರೆ (ಅತಿ ಬೆಳಕಿನ ಕಡೆ ಪರದೆಯಲ್ಲಿ ಮೂಡುವ ಪಟ್ಟೆ) ನೋಡಿ. ನೊರೆಯ ತುಂಬ ಗೆರೆ ಬಂದರೆ ಶಟರ್ ಮುಟ್ಟಬೇಡಿ, ಇಳಿಸಿ ಇನ್ನೂ ದಟ್ಟ ಫಿಲ್ಟರ್ ಹಾಕಿ. ಕಾಂಡ್ಲಾ ಕಪ್ಪಗೆ ಕಂಡರೆ ಎಡಿಟಿಂಗ್‌ನಲ್ಲಿ ಎತ್ತಬಹುದು. ಬೆಳ್ಳಗೆ ಸುಟ್ಟ ನೊರೆ ಮಾತ್ರ ವಾಪಸ್ ಬರುವುದಿಲ್ಲ. ತಿರುಗಿಸುವಾಗ ಡ್ರೋನ್ ನಿಧಾನ ಚಲಿಸುವ ಸಿನಿ ಮೋಡ್ ಇರಲಿ.

ಗರುಡ ಸುತ್ತುತ್ತಿದ್ದರೆ ಹಾರಿಸಬೇಡಿ. ಕಾರವಾರದ ಕಡೆಯಾದರೆ ನೌಕಾನೆಲೆ ಇದೆ, ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಪೆಟ್ಟಿಗೆಯನ್ನೇ ತೆರೆಯಬೇಡಿ.